ಕೇರೆ. ಪಾಪದ್ದು. ಬಿಡಿ.

ಜೂನ್ 4, ಬುಧವಾರ

ಈ ಪುಸ್ತಕಕ್ಕೆ ನಾನಲ್ಲದೆ ಬೇರೆ ಓದುಗರಿಲ್ಲವಾದ್ದರಿಂದ ನ್ಯಾಯಾಧೀಶನೂ ನಾನೇ, ಅಪರಾಧಿಯೂ ನಾನೇ. ಕಟಕಟೆಗೆ ಅಡುಗೆಮನೆಯ ಸ್ಟೂಲು ಸಾಕು. ಸತ್ಯವನ್ನೇ ಹೇಳುತ್ತೇನೆ: ಇವತ್ತು ಬೆಳಿಗ್ಗೆ ಎಂಟೂ ಹತ್ತಕ್ಕೆ, ಹಲ್ಲುಜ್ಜುವ ಮೊದಲು, ಪೂರ್ಣ ಪ್ರಜ್ಞೆಯಿಂದ, ನಾನು ನನ್ನ ಅಕ್ಕನ ಸೋಗು ಹಾಕಿದೆ. ಅಕ್ಕ ಸತ್ತು ಇವತ್ತಿಗೆ ಹತ್ತೊಂಬತ್ತು ದಿನ.

ವಿವರ ಹೀಗಿದೆ. ಅಕ್ಕನ ಫೋನನ್ನು ದಿನಾ ಚಾರ್ಜಿಗೆ ಹಾಕುತ್ತೇನೆ. ಯಾಕೆ ಎಂದು ಕೇಳಿದರೆ, ಇಪ್ಪತ್ತಾರು ವರ್ಷದಿಂದ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿರುವ ನನ್ನ ಬಳಿ ಉತ್ತರವಿಲ್ಲ. ಫ್ರಿಜ್ಜಿನ ಮೇಲಿಂದ ಅದು 'ಟಿಣ್' ಎಂದಿತು. 'ಪೈಪಮ್ಮ' ಎಂಬ ಹೆಸರಿನಿಂದ ಒಂದು ಫೋಟೋ. ಪೈಪು ಮಾರುವವರೋ ಏನೋ. ಅಕ್ಕ ಎಲ್ಲರಿಗೂ ಹೀಗೇ ಹೆಸರಿಡುವವಳು. ನನ್ನ ಹೆಸರು ಅದರಲ್ಲಿ 'ಪುಕ್ಕಲ' ಎಂದಿದೆ.

ಫೋಟೋದಲ್ಲಿ ತೋಟದ ಮೂಲೆ, ಒದ್ದೆ ಮಣ್ಣು, ತರಗೆಲೆ. ಎಲೆಗಳ ನಡುವೆ ಹೆಬ್ಬೆರಳು ದಪ್ಪದ, ಹಳದಿಗೂ ಕಂದಿಗೂ ರಾಜಿಯಾದಂಥ ಮೈ, ಎರಡು ಸುತ್ತು. ಅಲ್ಲಲ್ಲಿ ಕಪ್ಪು ಗೆರೆ. ತಲೆ ಎಲೆಯ ಕೆಳಗೆ ನಾಚಿಕೊಂಡಿತ್ತು. ಕೆಳಗೆ ಒಂದೇ ಸಾಲು: "ಅಕ್ಕಾ, ಇದು ಯಾವ ಹಾವು?"

ನಮ್ಮ ಅಕ್ಕ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಸೀಸೆಗಳ ನಡುವೆ ದುಡಿದವಳು. ಊರಿನ ಅರ್ಧ ಜನಕ್ಕೆ ಅವಳು 'ಹಾವಕ್ಕ'. ಯಾರ ಹಿತ್ತಲಲ್ಲಿ ಏನು ಹರಿದರೂ ಫೋಟೋ ಇವಳಿಗೆ ಬರುತ್ತಿತ್ತು. ಇವಳು ನೋಡಿ ವಿಷದ್ದೋ ಪಾಪದ್ದೋ ಹೇಳುತ್ತಿದ್ದಳು. ವಿಷದ್ದಾದರೆ ಅಗ್ನಿಶಾಮಕದವರ ನಂಬರು ಕೊಡುತ್ತಿದ್ದಳು, ಪಾಪದ್ದಾದರೆ ಅದರ ಪರವಾಗಿ ವಕಾಲತ್ತು ವಹಿಸುತ್ತಿದ್ದಳು. ನಾವಿಬ್ಬರೂ ಮದುವೆಯಾಗಲಿಲ್ಲ, ಅವಳಿಗೆ ಪುರುಸೊತ್ತಿರಲಿಲ್ಲ, ನನಗೆ ಧೈರ್ಯವಿರಲಿಲ್ಲ. ಅವಳಿಗೆ ಹಾವು, ನನಗೆ ಭಾವ, ಹಾಗಾಗಿ ಈ ಮನೆಯಲ್ಲಿ ಹಾವಭಾವಕ್ಕೆ ಕೊರತೆಯಿರಲಿಲ್ಲ. ಹಿತ್ತಲಿಗೆ ಇಳಿಯುವ ಮೆಟ್ಟಿಲಲ್ಲಿ ಮೂರನೆಯದನ್ನು ದಾಟಿ ನಾನು ಇಪ್ಪತ್ತೆರಡು ವರ್ಷದಲ್ಲಿ ಕೆಳಗಿಳಿದವನಲ್ಲ.

"ಅಕ್ಕ ತೀರಿಕೊಂಡರು" ಎಂದು ಬರೆದೆ. ಅಳಿಸಿದೆ. "ಅಕ್ಕ ಇಲ್ಲ" ಎಂದು ಬರೆದೆ. ಎರಡೇ ಪದ, ಕಳಿಸುವ ಗುಂಡಿಯವರೆಗೆ ಬೆರಳು ಹೋಗಲಿಲ್ಲ. ಪೈಪಮ್ಮನ ಫೋಟೋದ ಮೇಲೆ ಅಕ್ಕನ ಕೊನೆಯ ಸಾಲು ಕಾಣುತ್ತಿತ್ತು, ಮೇ ಹದಿನೈದರದ್ದು: "ನಾಳೆ ಬರ್ತೀನಿ." ಅದನ್ನು ಎಡಗೈ ಹೆಬ್ಬೆರಳಿನಿಂದ ಮುಚ್ಚಿಕೊಂಡೆ. ಅವಳು ಹಾವುಗಳ ಗುರುತು ಬರೆದಿಡುತ್ತಿದ್ದ ರೂಲು ಹಾಳೆಯ ಪುಸ್ತಕ ತೆಗೆದೆ. ಹಳದಿ ಕಂದು, ಉದ್ದ, ಕಪ್ಪು ಗೆರೆ, ಇಲಿ ತಿನ್ನುತ್ತದೆ. ಅಕ್ಕ ಬರೆಯುವುದು ಮೂರೇ ಪದ, ಮೂರೂ ಪದಕ್ಕೆ ಪೂರ್ಣವಿರಾಮ. ನಾನೂ ಹಾಗೇ ಬರೆದೆ:

"ಕೇರೆ. ಪಾಪದ್ದು. ಬಿಡಿ."

ಆ ಕಡೆ 'ಬರೆಯುತ್ತಿದ್ದಾರೆ' ಎಂದು ಬಂತು, ಹೋಯಿತು, ಬಂತು, ಹೋಯಿತು. ಮೂರು ಸಲ ಹೀಗಾದ ಮೇಲೆ "ಸರಿ ಅಕ್ಕಾ" ಎಂದು ಬಂತು.

ಅಂದರೆ ಈ ಊರಿನ ಯಾವುದೋ ಮೂಲೆಯಲ್ಲಿ, ಒಬ್ಬ ಹೆಂಗಸಿನ ಫೋನಿನಲ್ಲಿ, ಅಕ್ಕ ಇನ್ನೂ ಇದ್ದಾಳೆ. ಅಲ್ಲಿಯೂ ಅವಳನ್ನು ಸಾಯಿಸುವುದು ನನ್ನ ಕೈಲಾಗದು. ತೀರ್ಪು: ಅಪರಾಧ ಸಾಬೀತು. ಶಿಕ್ಷೆ: ಮುಂದುವರಿಸುವುದು.

ಜೂನ್ 5, ಗುರುವಾರ

ಇನ್ನೊಂದು ಬಂತು, ಯಾರೋ ಬಡಗಿಯಿಂದ. ಮರದ ಪುಡಿಯಲ್ಲಿ ಎರೆಹುಳುವಿನಂಥದ್ದು. "ಹುಳುಹಾವು. ಪಾಪದ್ದು. ಬಿಡಿ." ಎರಡಕ್ಕೆ ಎರಡು.

ಅಕ್ಕನ ಪುಸ್ತಕವನ್ನು ಪೂರಾ ಓದಿದೆ. ಬಣ್ಣ ನಂಬಬೇಡ, ಬಣ್ಣ ಬಾಯಿಬಡುಕ ಎಂದು ಮೊದಲ ಪುಟದಲ್ಲೇ ಇದೆ. ಒಂದು ಪುಟ ಮಾತ್ರ ಕೆಂಪು ಶಾಯಿಯದು. ತೋಳಹಾವು ಮತ್ತು ಕಟ್ಟುಹಾವು. ಎರಡೂ ತೆಳ್ಳಗೆ, ಎರಡೂ ಕಪ್ಪು, ಎರಡಕ್ಕೂ ಬಿಳಿ ಪಟ್ಟೆ. ಒಂದು ಪಾಪದ್ದು, ಇನ್ನೊಂದು ಯಮ. ತೋಳಹಾವಿನ ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿ ಬಾಲಕ್ಕೆ ಬರುತ್ತಾ ಮಾಸುತ್ತದೆ. ಕಟ್ಟುಹಾವಿನದು ತದ್ವಿರುದ್ಧ: ಮುಂದೆ ಬರೀ ಕಪ್ಪು, ಹಿಂದೆ ಹೋಗುತ್ತಾ ಪಟ್ಟೆ ಎದ್ದು ಕಾಣುತ್ತದೆ, ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವು. ಕೆಳಗೆ ಎರಡು ಗೆರೆ ಎಳೆದು: ಬೆನ್ನು ನೋಡದೆ ಹೇಳಬೇಡ. ಇನ್ನೊಂದು ಫೋಟೋ ಕೇಳು.

ಅಕ್ಕ ಹೋದ ದಿನ ಬಂದವರೆಲ್ಲ ನನ್ನ ಕಿವಿಯಲ್ಲಿ ಕೇಳಿದ್ದು ಒಂದೇ. "ಹಾವು ಕಚ್ಚಿತಾ?" ಅಲ್ಲ, ತಲೆಯೊಳಗಿನ ನರ ಒಡೆಯಿತು ಎಂದರೆ ಅವರ ಮುಖ ಸ್ವಲ್ಪ ಇಳಿಯುತ್ತಿತ್ತು. ಪಾಪ, ಹಾವುಗಳಿಗೆ ವೃಥಾ ಅಪವಾದ. ಅವಳ ತಲೆಯೊಳಗೇ ಒಂದು ಮಲಗಿತ್ತು. ಅದನ್ನು ಗುರುತಿಸುವವರು ಯಾರೂ ಇರಲಿಲ್ಲ.

ಜೂನ್ 7, ಶನಿವಾರ

ತಂಗಿ ಫೋನು ಮಾಡಿದಳು. ಅವಳಿರುವುದು ರೈಲಿನಲ್ಲಿ ಒಂದು ದಿನದ ದೂರ.

"ಅಣ್ಣಾ, ಊಟ ಮಾಡ್ದ್ಯಾ?"

"ಮಾಡ್ದೆ."

"ಏನು?"

"ಊಟಾನೇ."

ಅವಳು ನಗಲಿಲ್ಲ. "ಅಣ್ಣಾ, ಬುಧವಾರ ಬೆಳಿಗ್ಗೆ ಅಕ್ಕ ಆನ್‌ಲೈನ್ ಇದ್ಳು" ಎಂದಳು.

"ಧೂಳು ಒರೆಸ್ತಿದ್ದೆ ಕಣೇ. ಬೆರಳು ತಾಗಿರ್ಬೇಕು."

"ಹೌದಾ. ನಾನು ಒಲೆ ಮೇಲೆ ಹಾಲಿಟ್ಟಿದ್ದೆ. ಅದನ್ನ ನೋಡ್ತಾ ನಿಂತೆ, ಹಾಲೆಲ್ಲ ಉಕ್ಕಿಹೋಯ್ತು. ಆಮೇಲೆ 'ಅಕ್ಕಾ' ಅಂತ ಒಂದು ಮೆಸೇಜು ಹಾಕ್ದೆ. ಸುಮ್ನೆ. ನೀಲಿ ಗೆರೆ ಬಂತು."

ನನಗೆ ಗೊತ್ತಿತ್ತು. ಆ 'ಅಕ್ಕಾ'ವನ್ನು ನಾನೇ ತೆರೆದು ನೋಡಿದ್ದೆ. ಹಾವಿನ ಫೋಟೋ ಕಳಿಸಿದರೆ ಉತ್ತರ ಕೊಡಬಹುದು. ಬರೀ 'ಅಕ್ಕಾ' ಎಂದರೆ ಯಾವ ಪುಸ್ತಕ ನೋಡಿ ಹೇಳಲಿ?

"ಧೂಳು ಜಾಸ್ತಿ ಇತ್ತು" ಎಂದೆ.

ಜೂನ್ 12, ಗುರುವಾರ

ಏಳಕ್ಕೆ ಏಳು. ಒಂದು ಹಸಿರುಹಾವು, ಒಂದು ಮಣ್ಣುಮುಕ್ಕ, ಎರಡು ಕೇರೆ ಮತ್ತು ಒಂದು ಕೊಂಬೇರಿಮೂರ್ಖ. ಕೊಂಬೆ ಏರಿದ ಮಾತ್ರಕ್ಕೆ ಮೂರ್ಖ ಎಂಬ ಬಿರುದು ಕೊಡುವುದಾದರೆ ನಮ್ಮ ಪ್ರಾಂಶುಪಾಲರಿಗೆ ಏನು ಕೊಡಬೇಕೋ.

ಹುರುಪೆಯ ಸಾಲು ಎಂದರೇನೆಂದು ಅರ್ಥವಾಗದೆ ಅಕ್ಕನ ಬಿಸ್ಕತ್ತಿನ ಡಬ್ಬಿ ತೆಗೆದೆ. ಅದರಲ್ಲಿ ಹಾವಿನ ಪೊರೆಗಳು, ಕಾಗದದಲ್ಲಿ ಮಡಚಿ, ಚೀಟಿ ಅಂಟಿಸಿ ಇಟ್ಟಿದ್ದಾಳೆ. 'ಕೇರೆ, ಬಾವಿಕಟ್ಟೆ.' 'ನೀರುಹಾವು, ಶಾಲೆಯ ಚರಂಡಿ.' ಎಲ್ಲಕ್ಕಿಂತ ಕೆಳಗೆ ಒಂದು ಗೇಣುದ್ದದ್ದು: 'ತೋಳಹಾವು, ಬಚ್ಚಲುಮನೆ. ತಮ್ಮ ಕಿರುಚಿದ್ದು.'

ನೆನಪಿದೆ. ಹದಿನಾಲ್ಕು ವರ್ಷದ ಹಿಂದೆ. ನಾನು ಟವೆಲ್ಲು ಸುತ್ತಿಕೊಂಡು ಬೀದಿಯವರೆಗೆ ಓಡಿದ್ದೆ. ಅವಳು ನಕ್ಕು ನಕ್ಕು ಬಚ್ಚಲ ಹೊಸ್ತಿಲಲ್ಲಿ ಕೂತುಬಿಟ್ಟಿದ್ದಳು. "ಬಾರೋ ಪುಕ್ಕಲಾ, ಅದು ನಿನಗಿಂತ ಹೆದರಿದೆ!" ಆ ಪೊರೆಯನ್ನು ಬೆಳಕಿಗೆ ಹಿಡಿದೆ. ಗಾಜಿನ ಹಾಗೆ, ಉಸಿರು ಬಿಟ್ಟರೆ ಹಾರಿಹೋಗುವ ಹಾಗೆ. ಒಳಗಿದ್ದವರು ಎದ್ದುಹೋದ ಮೇಲೂ ಆಕಾರ ಉಳಿಯುತ್ತದೆ.

ಉಸಿರು ಹಿಡಿದು ವಾಪಸ್ಸು ಮಡಚಿದೆ.

ಜೂನ್ 15, ಭಾನುವಾರ

ಇವತ್ತು ಯಾರೂ ಹಾವು ಕಳಿಸಲಿಲ್ಲ.

ಜೂನ್ 22, ಭಾನುವಾರ

ಪೈಪಮ್ಮನಿಂದ: "ತೊಟ್ಟಿಯಲ್ಲಿ ಒಂದಿದೆ. ಫೋಟೋ ತೆಗೆಯಕ್ಕೆ ಆಗ್ತಿಲ್ಲ. ಯಾರನ್ನಾದ್ರೂ ಕಳಿಸ್ತೀರಾ ಅಕ್ಕಾ?"

ನಾನು ಅಕ್ಕನಾಗಿ ಬರೆದೆ: "ತಮ್ಮನ್ನ ಕಳಿಸ್ತೀನಿ." ಆಮೇಲೆ ತಮ್ಮನಾಗಿ ಹತ್ತು ನಿಮಿಷ ಅಕ್ಕನನ್ನು ಬೈದೆ.

ಅದು ಪೈಪಿನಂಗಡಿಯಲ್ಲ, ಗಿಡ ಮಾರುವ ನರ್ಸರಿ. ಗಿಡಕ್ಕೆ ನೀರು ಬೇಕು, ನೀರಿಗೆ ಪೈಪು ಬೇಕು, ಆದ್ದರಿಂದ ಪೈಪಮ್ಮ, ತರ್ಕ ಸರಿಯಿದೆ. ಐವತ್ತರ ಆಸುಪಾಸಿನ ಹೆಂಗಸು, ಮೊಣಕೈವರೆಗೆ ಮಣ್ಣು. ನನ್ನನ್ನು ಗೇಟಿನಲ್ಲೇ ಗುರುತಿಸಿದವರ ಹಾಗೆ, "ಬನ್ನಿ. ಅಕ್ಕನ ತಮ್ಮ ಅಲ್ವಾ" ಎಂದರು.

"ಅಕ್ಕ ಊರಲ್ಲಿಲ್ಲ" ಎಂದೆ, ಅವರು ಕೇಳುವ ಮೊದಲೇ. ಇದು ಸುಳ್ಳಲ್ಲ.

"ಹೂಂ" ಎಂದು ಅವರು ಒಂದು ಕುಂಡದ ಮಣ್ಣನ್ನು ಬಹಳ ಹೊತ್ತು ಒತ್ತಿದರು. ಯಾವಾಗ ಬರ್ತಾರೆ ಎಂದು ಕೇಳಲಿಲ್ಲ. ಮರ್ಯಾದಸ್ಥೆ.

ತೊಟ್ಟಿಗೂ ನನಗೂ ಎರಡು ಮಾರು ದೂರ ಇದ್ದದ್ದು ಒಂದು ಮಾರಾಯಿತು, ಆಮೇಲೆ ಒಂದು ಮೊಳ. ನೀರಿನ ಮೇಲೆ ಪುಟ್ಟ ತಲೆ, ಕಣ್ಣಿನ ಕೆಳಗೆ ಕಾಡಿಗೆ ತೀಡಿದ ಹಾಗೆ ಎರಡು ಕಪ್ಪು ಗೆರೆ, ಮೈಮೇಲೆಲ್ಲ ಚದುರಂಗದ ಮನೆಗಳು.

"ನೀರುಹಾವು. ಪಾಪದ್ದು" ಎಂದೆ.

"ಬಿಡಿ ಅನ್ನಲ್ವಾ?" ಎಂದರು ಪೈಪಮ್ಮ, ನಗು ಹಿಡಿದುಕೊಂಡು. ಆಮೇಲೆ ಹೇಳಿದರು: "ಅಕ್ಕ ಪಾಪದ್ದು ಅಂದ್ರೆ ಮುಗೀತು ನೋಡಿ. ನಾನು ಕೈಯಲ್ಲೇ ಎತ್ಕೊಂಡು ಹೋಗಿ ಬೇಲಿ ಆಚೆ ಬಿಡ್ತಿದ್ದೆ. ಅಷ್ಟು ನಂಬಿಕೆ."

ನನ್ನ ಬೆನ್ನಿನ ನಡುಸಾಲಿನಲ್ಲಿ ಏನೋ ತಣ್ಣಗೆ ಹರಿಯಿತು. ಹೊರಡುವಾಗ ತಗಡಿನ ಡಬ್ಬಿಯಲ್ಲಿ ಒಂದು ಗಿಡ ಕೊಟ್ಟರು. "ಹಿತ್ತಲಲ್ಲಿ ನೆಡಿ. ನೆರಳಲ್ಲಿ ಬರಲ್ಲ ಇದು, ಬಿಸಿಲು ಬೇಕು. ಮೆಟ್ಟಿಲ ಮೇಲೆ ಇಟ್ಬಿಡ್ಬೇಡಿ ಮತ್ತೆ."

ಜೂನ್ 27, ಶುಕ್ರವಾರ

ಮೂರನೇ ಮೆಟ್ಟಿಲಿನ ಕೆಳಗೆ ಇನ್ನೂ ಆರು ಮೆಟ್ಟಿಲಿವೆ. ಗಿಡಕ್ಕೆ ದಿನಾ ನೀರು ಹಾಕಲೇಬೇಕಲ್ಲ.

ಹದಿನಾರಕ್ಕೆ ಹದಿನಾರು! ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತೇನೆ, ತಟ್ಟುವವರು ಬೇರೆ ಯಾರೂ ಇಲ್ಲವಾಗಿ. ಇಪ್ಪತ್ಮೂರು ದಿನದಲ್ಲಿ ಒಂದೂ ತಪ್ಪಿಲ್ಲ, ಒಬ್ಬರಿಗೂ ಅನುಮಾನವಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಅಕ್ಕನೂ ಸಾಯಲಿಲ್ಲ. ಈಗೀಗ ಬೆನ್ನಿನ ಫೋಟೋ ಕೇಳುವುದನ್ನೂ ಬಿಟ್ಟಿದ್ದೇನೆ. ಒಂದು ನೋಟ ಸಾಕು. ಪುಕ್ಕಲ ಎಂದವಳು ಬಂದು ನೋಡಲಿ.

ಬಂದು ನೋಡಲಿ.

ಜುಲೈ 1, ಮಂಗಳವಾರ

ಅಕ್ಷರಗಳು ಹಾವಾಡುತ್ತಿವೆ, ಆದರೂ ಬರೆಯುತ್ತೇನೆ.

ಮೂರನೇ ಪೀರಿಯಡ್ಡು. ಮಬ್ಬುಗತ್ತಲಲ್ಲಿ ಹಗ್ಗ ನೋಡಿ ಹಾವೆಂದು ಹೆದರುವವನ ದೃಷ್ಟಾಂತ. ಪ್ರತಿ ವರ್ಷ ಕ್ಲಾಸಿಗೆ ನಿಜವಾದ ಹಗ್ಗವನ್ನೇ ಒಯ್ದು ಮೇಜಿನ ಮೇಲೆ ಎಸೆಯುತ್ತೇನೆ, ಮುಂದಿನ ಬೆಂಚು ಹೌಹಾರುತ್ತದೆ. ಎಸೆದೆ, ಹೌಹಾರಿದರು, ಅಷ್ಟರಲ್ಲಿ ಕಿಸೆಯಲ್ಲಿ 'ಟಿಣ್'. ಪೈಪಮ್ಮ: "ಅಕ್ಕಾ, ಇದು? ಕುಂಡದ ಕೆಳಗಿತ್ತು." ತೆಳ್ಳನೆ ಕಪ್ಪು, ಬಿಳಿ ಪಟ್ಟೆ. ಹುಡುಗರು ನಗುತ್ತಿದ್ದರು. ಮೇಜಿನ ಕೆಳಗೆ ಒಂದೇ ಕೈಯಲ್ಲಿ ಬರೆದೆ: "ತೋಳಹಾವು. ಪಾಪದ್ದು. ಬಿಡಿ."

"ಭ್ರಮೆ ಹುಟ್ಟೋದು ಯಾವಾಗ?" ಎಂದು ಹುಡುಗರನ್ನು ಕೇಳಿದೆ. "ವಸ್ತು ಪೂರ್ತಿ ಕಾಣ್ದೇ ಇದ್ದಾಗ ಸಾರ್" ಎಂದಿತು ಹಿಂದಿನ ಬೆಂಚು.

ಆ ಕ್ಷಣ ಫೋಟೋ ಮತ್ತೆ ತೆರೆದು ದೊಡ್ಡದು ಮಾಡಿದೆ. ಕುತ್ತಿಗೆ ಬರೀ ಕಪ್ಪು. ಒಂದು ಗೇಣಿನವರೆಗೂ ಬರೀ ಕಪ್ಪು. ಆಮೇಲೆ ಪಟ್ಟೆ ಶುರುವಾಗಿ, ಬಾಲದ ಕಡೆಗೆ ಹೋಗುತ್ತಾ ಹೋಗುತ್ತಾ ಸುಣ್ಣ ಬಳಿದ ಹಾಗೆ.

ಕೆಂಪು ಶಾಯಿಯ ಪುಟ.

ಫೋನು ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ. ಎತ್ತಲಿಲ್ಲ. 'ಕೈಯಲ್ಲೇ ಎತ್ಕೊಂಡು ಹೋಗಿ.' ಹಗ್ಗ ಮೇಜಿನ ಮೇಲೇ ಉಳಿಯಿತು. ಅರ್ಥಶಾಸ್ತ್ರದವನ ಸ್ಕೂಟರನ್ನು ಕೇಳಿ ತಂದೆನೋ, ಕದ್ದು ತಂದೆನೋ, ಈಗ ಹೇಳಲಾರೆ. ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳುತ್ತಿದ್ದೆ, "ಮುಟ್ಬೇಡಿ, ಮುಟ್ಬೇಡಿ" ಎಂದು. ಸಿಗ್ನಲ್ಲಿನಲ್ಲಿ ಪಕ್ಕದವನು ತನ್ನ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡ.

ಪೈಪಮ್ಮ ಕುಂಡಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಗೇಟಿನಿಂದಲೇ ಕಿರುಚಿದೆ: "ಮುಟ್ಬೇಡಿ! ಅದು ಕಟ್ಟುಹಾವು! ಅಕ್ಕ ಹೇಳಿದ್ದಲ್ಲ, ನಾನು ಹೇಳಿದ್ದು! ಅಕ್ಕ ಇಲ್ಲ! ಅಕ್ಕ ಸತ್ತೋಗಿದ್ದಾಳೆ!"

ಅಷ್ಟು ಗಟ್ಟಿಯಾಗಿ ಆ ಮಾತನ್ನು ಎಲ್ಲೂ ಹೇಳಿರಲಿಲ್ಲ. ಮೆಲ್ಲಗೂ ಹೇಳಿರಲಿಲ್ಲ.

ಅವರು ಎದ್ದು ಮಣ್ಣಿನ ಕೈಯಿಂದ ತೋರಿಸಿದರು. ಕಬ್ಬಿಣದ ಬಕೆಟ್ಟು ಬೋರಲು ಹಾಕಿ, ಮೇಲೆ ಎರಡು ಇಟ್ಟಿಗೆ ಹೇರಿತ್ತು.

"ಅಗ್ನಿಶಾಮಕದವ್ರಿಗೆ ಆಗ್ಲೇ ಹೇಳಿದೀನಿ. ಬರ್ತಿದಾರೆ. ಫೋನು ಒಳಗಿದೆ, ಕೈಯೆಲ್ಲ ಮಣ್ಣು."

"ಮತ್ತೆ ನೀವು... ಪಾಪದ್ದು ಅಂದ್ರೆ ಕೈಯಲ್ಲೇ..."

"ಅಕ್ಕ ಅಂದಿದ್ರೆ ಎತ್ತಿರ್ತಿದ್ದೆ. ಅಂದಿದ್ದು ನೀವಲ್ವಾ?"

ನಾನು ಒಂದು ಗೊಬ್ಬರದ ಮೂಟೆಯ ಮೇಲೆ ಕೂತೆ. ಅವರು ಕೈ ತೊಳೆದು ನೀರು ತಂದುಕೊಟ್ಟು, ಎದುರಿಗೆ ಇನ್ನೊಂದು ಮೂಟೆಯ ಮೇಲೆ ಕೂತರು.

"ನಾಳೆ ಬರ್ತೀನಿ ಅಂದೋರು ಬರ್ಲಿಲ್ಲ. ಸಂಜೆ ನಾನೇ ನಿಮ್ಮ ಮನೆ ಹತ್ರ ಬಂದೆ. ಬಾಗಿಲಲ್ಲಿ ಚಪ್ಪಲಿ ರಾಶಿ. ನೀವು ಗೋಡೆ ನೋಡ್ತಾ ಕೂತಿದ್ರಿ. ನಾನು ಪಕ್ಕದಲ್ಲೇ ಒಂದು ಗಳಿಗೆ ಕೂತಿದ್ದು ಎದ್ದುಬಂದೆ. ನಿಮಗೆ ಗೊತ್ತಾಗ್ಲಿಲ್ಲ."

"ಅಂದ್ರೆ ಮೊದ್ಲಿಂದ್ಲೂ..."

"ಮೊದ್ಲಿಂದ್ಲೂ. ಬೇಜಾರಿಗೆ ಒಂದಿನ ಹಳೇ ಫೋಟೋ ಒಂದು ಕಳಿಸ್ದೆ. ಉತ್ತರ ಬರುತ್ತೆ ಅಂತ ಅಲ್ಲ. ಅವರನ್ನ ಒಂದ್ಸಲ ಮಾತಾಡಿಸ್ಬೇಕು ಅನ್ನಿಸ್ತು. ಉತ್ತರ ಬಂದಾಗ ಜೀವವೇ ಬಾಯಿಗೆ ಬಂತು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಆಮೇಲೆ ಉತ್ತರ ಓದ್ದೆ. ಓದಿ ನಗು ಬಂತು. ನಕ್ಕು ಅತ್ತೆ. ಓ, ಇದು ತಮ್ಮ ಅಂತ ಗೊತ್ತಾಯ್ತು. ನಿಮಗೆ ಅದು ಬೇಕೇನೋ ಅಂತ ಸುಮ್ನಿದ್ದೆ." ಆಮೇಲೆ ದನಿ ಬದಲಾಯಿತು. "ಆದ್ರೆ ಇವತ್ತಿಂದು ತಪ್ಪು. ನೀವು ಬೆನ್ನು ಕೇಳ್ತೀರೇನೋ ಅಂತ ಕಾದೆ. ಅಕ್ಕ ಒಂದು ಸಲಾನೂ ಬೆನ್ನು ನೋಡ್ದೆ ಹೇಳಿದೋರಲ್ಲ. ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ?"

ಉದ್ದ ಇಕ್ಕಳ ಹಿಡಿದುಕೊಂಡು ಅಗ್ನಿಶಾಮಕದವರು ಬಂದರು, ಬಕೆಟ್ಟು ಎತ್ತಿದರು, ಅದನ್ನು ಚೀಲಕ್ಕೆ ಇಳಿಸಿದರು. ನಾನು ಹತ್ತಿರವೇ ನಿಂತು ನೋಡಿದೆ. ಬೆನ್ನಿನ ನಡುಸಾಲು ಸ್ಪಷ್ಟವಾಗಿ ಕಾಣುತ್ತಿತ್ತು.

ಹಳೇ ಫೋಟೋ ಯಾವುದು ಎಂದು ಕೇಳಿದ್ದಕ್ಕೆ ಪೈಪಮ್ಮ, "ಮೆಸೇಜಲ್ಲಿ ಮೇಲೆ ಹೋಗಿ ನೋಡಿ" ಎಂದಷ್ಟೇ ಹೇಳಿ ಇಟ್ಟಿಗೆ ಎತ್ತಿಡತೊಡಗಿದರು.

ಜುಲೈ 2, ಬುಧವಾರ

ತಂಗಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ.

"ಧೂಳಲ್ಲ, ನೀನೇ ಅಂತ ಗೊತ್ತಿತ್ತು ಅಣ್ಣಾ" ಎಂದಳು. "ಆದ್ರೂ ದಿನಾ ನೋಡ್ತಿದ್ದೆ. ಆನ್‌ಲೈನ್ ಅಂತ ಬಂದಾಗೆಲ್ಲ, ಅಕ್ಕ ಅಡುಗೆಮನೆಲಿ ಓಡಾಡ್ತಿದಾಳೆ ಅನ್ಕೋತಿದ್ದೆ. ಇನ್ಮೇಲೆ ಬರಲ್ವಾ?"

ಅವಳ ಒಲೆಯ ಮೇಲೆ ಏನೋ ಉಕ್ಕಿದ ಸದ್ದು ಕೇಳಿಸಿತು.

ಆಮೇಲೆ ಅಕ್ಕನ ಫೋನಿನಿಂದ, ನನಗೆ ಹಾವು ಕಳಿಸಿದವರಿಗೆಲ್ಲ ಬರೆದೆ: "ಅಕ್ಕ ಮೇ ಹದಿನಾರರಂದು ತೀರಿಕೊಂಡರು. ಜೂನಿನಿಂದ ಉತ್ತರ ಕೊಟ್ಟವನು ಅವರ ತಮ್ಮ. ಅವನಿಗೆ ಅವರಷ್ಟು ಬರುವುದಿಲ್ಲ. ಯಾವ ಹಾವನ್ನೂ ಅವನ ಮಾತು ನಂಬಿ ಮುಟ್ಟಬೇಡಿ. ಕ್ಷಮಿಸಿ." ಒಟ್ಟು ಹನ್ನೊಂದು ಜನ. ಹನ್ನೊಂದು ಸಲ ಕಳಿಸುವ ಗುಂಡಿ ಒತ್ತಿದೆ. ಹನ್ನೊಂದು ಮನೆಗಳಲ್ಲಿ.

ಬಡಗಿ ಕೈಮುಗಿದ ಚಿತ್ರ ಕಳಿಸಿದ. ಅರ್ಧ ಗಂಟೆ ಬಿಟ್ಟು ಒಂದು ಹಾವಿನ ಚಿತ್ರ ಕಳಿಸಿದ: "ಮುಟ್ಟಲ್ಲ ಸಾರ್. ಸುಮ್ನೆ ಹೇಳಿ, ಇದು ಯಾವ್ದು?"

"ಬೆನ್ನು ತೋರಿಸಿ" ಎಂದು ಬರೆದೆ.

ಜುಲೈ 4, ಶುಕ್ರವಾರ

ಇವತ್ತು ಮೆಟ್ಟಿಲ ಕೆಳಗೆ, ಆ ಗಿಡದ ಪಕ್ಕ ಕೂತು, ಮೇಲೆ ಹೋಗಿ ನೋಡಿದೆ.

ಒಂದು ತಿಂಗಳಿಂದ ಹಾವುಗಳ ತಲೆ, ಬಾಲ, ಹೊಟ್ಟೆ ಎಲ್ಲ ನೋಡಿದ ಈ ಗಂಡಸು ಪೈಪಮ್ಮನ ಸಂದೇಶಗಳಲ್ಲಿ ಜೂನ್ ನಾಲ್ಕರಿಂದ ಮೇಲಕ್ಕೆ ಒಂದೇ ಒಂದು ಸಲವೂ ಬೆರಳು ಆಡಿಸಿರಲಿಲ್ಲ. ಆಡಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು. ಮೇಲೆ 'ನಾಳೆ ಬರ್ತೀನಿ' ಕಾದು ಕೂತಿತ್ತು. ಅದರ ಪಕ್ಕದಲ್ಲಿ ಹಾಯ್ದುಹೋಗಲು ಹೆದರಿಕೆ. ಇವತ್ತು ಹಾಯ್ದೆ. ಅದು ಕಚ್ಚಿತು. ಕಚ್ಚಲಿ ಎಂದು ಮುಂದೆ ಹೋದೆ.

ಅಲ್ಲೆಲ್ಲ ಅಕ್ಕನೇ. 'ಬೆನ್ನು ತೋರಿಸಿ.' 'ಇನ್ನೊಂದು ಕಡೆಯಿಂದ.' 'ಪಾಪದ್ದು.' 'ತಮ್ಮನಿಗೆ ಜ್ವರ, ನಾಳೆ ನೋಡ್ತೀನಿ.' ಹೋದ ವರ್ಷದ ಆಗಸ್ಟಿನಲ್ಲಿ, ಅವರಿಬ್ಬರ ಪರಿಚಯದ ಮೊಟ್ಟಮೊದಲ ದಿನ, ಆ ಫೋಟೋ ಸಿಕ್ಕಿತು. ಅದೇ ತೋಟದ ಮೂಲೆ, ಅದೇ ಒದ್ದೆ ಮಣ್ಣು, ಹೆಬ್ಬೆರಳು ದಪ್ಪದ ಅದೇ ಎರಡು ಸುತ್ತು. "ಅಕ್ಕಾ, ಇದು ಯಾವ ಹಾವು?" ಕೆಳಗೆ ಅಕ್ಕನ ಉತ್ತರ:

"ಪೈಪು. ಪಾಪದ್ದು. ನೀರು ಬಿಡಿ."

ಹದಿನಾರಕ್ಕೆ ಹದಿನಾರು ಎಂದು ಜೂನ್ ಇಪ್ಪತ್ತೇಳರಂದು ಇದೇ ಪುಸ್ತಕದಲ್ಲಿ ಕೊಚ್ಚಿಕೊಂಡವನು, ಇಪ್ಪತ್ತಾರು ವರ್ಷದಿಂದ ಹಗ್ಗವನ್ನು ಹಾವೆಂದು ತಿಳಿಯುವವನ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು, ಈ ಕೆಳಗಿನ ತಿದ್ದುಪಡಿಯನ್ನು ಒಪ್ಪಿಕೊಳ್ಳುತ್ತಾನೆ: ಜೂನ್ ನಾಲ್ಕರ ಕೇರೆಯ ತಲೆ ಎಲೆಯ ಕೆಳಗೆ ನಾಚಿಕೊಂಡಿದೆ ಎಂದು ಬರೆದಿದ್ದೆ. ಇವತ್ತು ಫೋಟೋ ದೊಡ್ಡದು ಮಾಡಿ, ಕಣ್ಣೊರೆಸಿಕೊಂಡು, ಕನ್ನಡಕ ಒರೆಸಿಕೊಂಡು, ಮತ್ತೊಮ್ಮೆ ನೋಡಿದೆ. ಎಲೆಯ ಕೆಳಗಿರುವುದು ತಲೆಯಲ್ಲ, ನಲ್ಲಿ.